ಕೊಪ್ಪಳದಲ್ಲಿ ಮಕ್ಕಳನ್ನು ಕರೆದುಕೊಂಡು ಕೈಬಲೆಯಲ್ಲಿ ಸಣ್ಣ ಮೀನು ಹಿಡಿಯಬಹುದಾ?

ನೀವು ಕುಮಟಾ ಕಡೆಯವರು. ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ಎಲ್ಲರೂ ಸೇರಿ ಕೈಬಲೆ ಹಿಡಿದು ಕಡಲ ದಡದಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದಿರಿ. ಈಗ ಕೊಪ್ಪಳಕ್ಕೆ ವರ್ಗವಾಗಿದೆ, ಮಕ್ಕಳಿಗೆ ಅದನ್ನು ಇಲ್ಲಿ ತೋರಿಸಲು ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ. ನಾವು ಈಗಲೂ ವರ್ಷಕ್ಕೆ ಎರಡು ಸಲ ಹೋಗುತ್ತೇವೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಡಲಿಗೆ ದಿನಕ್ಕೆ ಎರಡು ಸಲ ಉಬ್ಬರ. ನಮ್ಮ ಹಳ್ಳಕ್ಕೆ ವರ್ಷಕ್ಕೆ ಒಂದೇ, ಅದೂ ಮಳೆ ಬಂದರೆ. ಇವತ್ತು ಗುಂಡಿ ಬರಿದು ಮಾಡಿದರೆ ನಾಳೆ ಹೊಸ ಮೀನು ಬರುವುದಿಲ್ಲ.

ನನ್ನ ತವರು ಹಿರೇಹಳ್ಳದ ದಂಡೆಯ ಊರು. ಈ ಹಳ್ಳ ಮುಂದೆ ಹೋಗಿ ತುಂಗಭದ್ರೆಗೆ ಸೇರುತ್ತದೆ. ನಾನು ಚಿಕ್ಕವಳಿದ್ದಾಗ ನೀರಿರುತ್ತಿತ್ತು. ಆಮೇಲೆ ಜಾಲಿ ಬೆಳೆದು, ಹೂಳು ತುಂಬಿ, ಹಳ್ಳ ಯಾವುದು ಹೊಲ ಯಾವುದು ಗೊತ್ತಾಗದಂತಾಯಿತು. 2019ರಲ್ಲಿ ಗವಿಮಠದ ಸ್ವಾಮೀಜಿಯವರು ಊರೂರಿನ ಜನರನ್ನು ಸೇರಿಸಿ ಹಳ್ಳ ಸ್ವಚ್ಛ ಮಾಡಿಸಿದರು. ಮುಂದಿನ ಮಳೆಗಾಲಗಳಲ್ಲಿ ಗುಂಡಿಗಳಲ್ಲಿ ನೀರು ನಿಂತಿತು, ನೀರಿನ ಹಿಂದೆ ಮೀನೂ ಬಂತು. ಎಷ್ಟೋ ವರ್ಷದ ಮೇಲೆ ಅಲ್ಲಿ ಮೀನು ಬೆಳ್ಳಗೆ ಹೊರಳಿದ್ದನ್ನು ನೋಡಿ ಅಪ್ಪ ಮಾತೇ ಆಡಲಿಲ್ಲ, ದಂಡೆಯ ಮೇಲೆ ಸುಮ್ನೆ ಕೂತುಬಿಟ್ಟ.

ದೀಪಾವಳಿ ಕಳೆದ ಮೇಲೆ ಹೋಗಿ. ಅಷ್ಟೊತ್ತಿಗೆ ಹರಿವು ನಿಂತು, ನೀರು ತಿಳಿಯಾಗಿ, ಮೊಣಕಾಲುದ್ದ ಉಳಿದಿರುತ್ತದೆ. ಗುಂಡಿಯ ಕಿರಿದಾದ ಕಡೆ, ಜೊಂಡು ಇರುವಲ್ಲಿ, ಇಬ್ಬರು ಬಲೆ ಊರಿ ನಿಲ್ಲಬೇಕು. ಉಳಿದವರು ಆ ಕಡೆಯಿಂದ ಸಾಲಾಗಿ, ಕಾಲಿನಿಂದ ನೀರು ತಳ್ಳುತ್ತಾ ನಿಧಾನ ಬರಬೇಕು. ಓಡಿದರೆ ಮೀನು ಕಾಲಸಂದಿಯಲ್ಲೇ ವಾಪಸ್. ಬಲೆಯ ತಳ ಕೆಸರಿಗೆ ತಾಗಿರಬೇಕು, ಇಲ್ಲದಿದ್ದರೆ ಅಡಿಯಿಂದ ನುಸುಳಿ ಹೋಗುತ್ತದೆ. ಮೊದಲ ಮೀನು ಬಡಿದಾಗ ಯಾರೋ ಬಲೆಗೆ ಜೋಳ ಎರಚಿದ ಹಾಗೆ ಟಪಟಪ ಅಂತ ಕೈಗೆ ತಿಳಿಯುತ್ತದೆ. ಆಗಲೇ ಎತ್ತಬಾರದು. ನನ್ನ ಮಗಳು ಪ್ರತಿ ಸಲ ಅವಸರ ಮಾಡುತ್ತಾಳೆ, ಅಪ್ಪ ಪ್ರತಿ ಸಲ ಕೂಗುತ್ತಾನೆ, "ತಡೀಬೇ ತಂಗಿ, ಇನ್ನೂ ಬರತಾವು!" ಸಾಲು ಹತ್ತಿರ ಬಂದ ಮೇಲೆ ಬಲೆಯ ಬಾಯಿ ಮೇಲೆ ತಿರುಗಿಸಿ ಒಂದೇ ಸಲ ಎತ್ತಿ.

ಸಣ್ಣ ಗೆಂಡೆ, ಒಂದಿಷ್ಟು ಸೀಗಡಿ, ಎಲ್ಲಕ್ಕಿಂತ ಜಾಸ್ತಿ ಜಿಲೇಬಿ ಮೀನು (ತಿಲಾಪಿಯಾ) ಸಿಗುತ್ತದೆ. ಜಿಲೇಬಿ ಹೊರಗಿನಿಂದ ಬಂದ ಮೀನು, ಅದನ್ನು ನಾವು ಬಿಡುವುದಿಲ್ಲ. ಗೆಂಡೆ ಮರಿಗಳನ್ನು ಮಕ್ಕಳ ಕೈಯಿಂದಲೇ ನೀರಿಗೆ ಬಿಡಿಸುತ್ತೇವೆ. ಉದ್ದ ಮೀಸೆಯ ಕಪ್ಪು ಚೇಳು ಮೀನು ಬಂದರೆ ಮಾತ್ರ ಮಕ್ಕಳನ್ನು ದೂರ ಇಡಿ. ಅದರ ಪಕ್ಕದ ಮುಳ್ಳು ಚುಚ್ಚಿದರೆ ವಿಪರೀತ ಉರಿಯುತ್ತದೆ.

ಎಷ್ಟು ಹಿಡಿಯಬೇಕು ಅನ್ನುವುದನ್ನು ಅವ್ವ ನಿರ್ಧರಿಸುತ್ತಾಳೆ. ಕಾಳು ಅಳೆಯುವ ಹಳೇ ಸೇರು ತಂದು ದಂಡೆಯ ಮೇಲೆ ಇಡುತ್ತಾಳೆ. ಸೇರು ತುಂಬಿತೋ, ಬಲೆ ಮೇಲಕ್ಕೆ. ತಮ್ಮ ಎಷ್ಟು ಬೇಡಿಕೊಂಡರೂ ಎರಡನೇ ಸೇರು ಇಲ್ಲ. ಅಲ್ಲೇ ಹೊಟ್ಟೆ ಒತ್ತಿ ತೆಗೆದು, ಕಲ್ಲುಪ್ಪು ಹಾಕಿ ಒರಟು ಮಡಕೆಯಲ್ಲಿ ತಿಕ್ಕಿದರೆ ಹುರುಪೆ ಹೋಗುತ್ತದೆ. ಹುಣಸೆಹುಳಿ, ಬೆಳ್ಳುಳ್ಳಿ, ಖಾರ ಹಾಕಿ ಗಟ್ಟಿ ಸಾರು, ಜೊತೆಗೆ ಬಿಸಿ ಜೋಳದ ರೊಟ್ಟಿ.

ಎರಡು ಕಡೆ ದಯವಿಟ್ಟು ಹೋಗಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಅದರ ಹತ್ತಿರ ಸುಳಿಯಬೇಡಿ. ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿರುತ್ತದೆ, ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಅಲ್ಲಿ ಮೀನು ಹಿಡಿದೇ ಬದುಕುವ ಮನೆಗಳಿವೆ. ಅವರನ್ನು ಕೇಳದೆ ಹಿನ್ನೀರಿಗೆ ಬಲೆ ಹಾಕುವುದು ಸರಿಯಲ್ಲ. ಹಿನ್ನೀರು ಸರಿದ ಜಾಗದ ಕೆಸರೂ ನಂಬುವಂಥದ್ದಲ್ಲ.

ಅಜ್ಜಿ ಮನೆಯ ಬಲೆ ಇನ್ನೂ ಇದ್ದರೆ ಅದನ್ನೇ ತನ್ನಿ. ಬಲೆಯ ಕಣ್ಣಿನಲ್ಲಿ, ಅಂದರೆ ಎಳೆಗಳ ನಡುವಿನ ತೂತಿನಲ್ಲಿ, ಕಿರುಬೆರಳು ತೂರದಿದ್ದರೆ ಜಾಲರಿ ಮಾತ್ರ ಬದಲಿಸಿ. ಸೊಳ್ಳೆಪರದೆ ಕಟ್ಟಬೇಡಿ, ಅದರಲ್ಲಿ ಮುಂದಿನ ವರ್ಷದ ಮೀನೂ ಬಂದುಬಿಡುತ್ತದೆ. ದೊಡ್ಡ ಕಣ್ಣಿನ ಬಲೆಯಲ್ಲಿ ಸೀಗಡಿ ಕಡಿಮೆ ಸಿಗುತ್ತವೆ, ಇರಲಿ.