ಓದುಗರ ಪ್ರಶ್ನೆ: ವೇಲ್ಸ್‌ನ ಕರಿ ಟೋಪಿ, ಚಳ್ಳಕೆರೆ ತಾತನ ರುಮಾಲು

ಪ್ರಶ್ನೆ: ಸಾರ್, ಮಗಳು ಕಾರ್ಡಿಫ್‌ನಲ್ಲಿ ಓದ್ತಿದಾಳೆ. ಮಾರ್ಚ್ 1ಕ್ಕೆ ಅಲ್ಲಿನ ಸ್ಕೂಲ್ ಹುಡುಗೀರು ಶಾಲು ಹೊದ್ದು ಎತ್ತರದ ಕರಿ ಟೋಪಿ ಹಾಕಿರೋ ಫೋಟೋ ಕಳಿಸಿದ್ಲು, ಮನೇಲೆಲ್ಲಾ ಮಾಟಗಾತಿ ವೇಷ ಅಂತ ನಕ್ಕರು. ಏನದು? ಇನ್ನೊಂದು, ನಮ್ಮೂರ ಸ್ಕೂಲಲ್ಲಿ ಹಳೇ ಸಾಮಾನು ಇಡೋಕೆ ಒಂದು ರೂಮ್ ಮಾಡ್ತಿದಾರೆ, ತಾತನ ರುಮಾಲು ಟ್ರಂಕಲ್ಲಿದೆ, ಕೊಡಬಹುದಾ?
- ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಮಾಟಗಾತಿ ಟೋಪಿಗೆ ತುದಿ ಚೂಪು, ಇದಕ್ಕೆ ಚಪ್ಪಟೆ, ಫೋಟೋ ಇನ್ನೊಂದ್ಸಲ ನೋಡಿ. ಅವತ್ತು ಸಂತ ಡೇವಿಡ್ ದಿನ, ವೇಲ್ಸ್‌ನೋರಿಗೆ ನಾಡಹಬ್ಬ ಇದ್ದಂಗೆ. 19ನೇ ಶತಮಾನದಲ್ಲಿ ಅಲ್ಲಿನ ಹಳ್ಳಿ ಹೆಂಗಸರು ಸಂತೆಗೆ, ಚರ್ಚಿಗೆ ಈ ಟೋಪಿ ಹಾಕ್ಕೊಂಡೇ ಹೋಗೋರು. ಲೇಡಿ ಲಾನೋವರ್ ಅಂತ ಒಬ್ಬ ಶ್ರೀಮಂತ ಹೆಂಗಸು, ನಮ್ಮ ಭಾಷೆ ನಮ್ಮ ಉಡುಪು ಬಿಡಬಾರದು ಅಂತ ಪ್ರಬಂಧ ಬರೆದು 1834ರಲ್ಲಿ ಕಾರ್ಡಿಫ್‌ನ ಸಾಹಿತ್ಯ ಉತ್ಸವದಲ್ಲಿ ಪ್ರೈಜ್ ಹೊಡೆದಿದ್ಲು. ಆದ್ರೂ ಜನ ನಿಧಾನಕ್ಕೆ ಬಿಟ್ರು.

ಮಜಾ ಇರೋದು ಲಾನ್‌ಬೆಡರ್ ಹತ್ರದ ಪುಟ್ಟ ಹಳ್ಳಿ ಪೆಂಟ್ರೆ ಗ್ವಿನ್‌ಫ್ರಿನ್‌ದು. ಅಲ್ಲಿನ ಸೇಲಂ ಅನ್ನೋ ಸಣ್ಣ ಪ್ರಾರ್ಥನಾ ಮಂದಿರದ ಒಳಗಿನ ನೋಟಾನ 1908ರಲ್ಲಿ ವೋಸ್ಪರ್ ಅನ್ನೋ ಇಂಗ್ಲಿಷ್ ಕಲಾವಿದ ಬರೆದ, ನಡುವೆ ಎಪ್ಪತ್ತು ದಾಟಿದ ಶಾನ್ ಓವೆನ್ ಅನ್ನೋ ಅಜ್ಜಿ, ಮೈಮೇಲೆ ನಮ್ಮ ಮಾವಿನಕಾಯಿ ಬುಟ್ಟಾದ ಶಾಲು, ತಲೇಲಿ ಕರಿ ಟೋಪಿ. ಚಿತ್ರದಲ್ಲಿ ಬೇರೆ ಹೆಂಗಸರಿಗೂ ಟೋಪಿ ಇದೆ, ಆದ್ರೆ ಅಷ್ಟೊತ್ತಿಗೆ ಟೋಪಿ ಸಿಗೋದೇ ಕಷ್ಟ ಆಗಿತ್ತು, ಸಿಕ್ಕಿದ್ದು ಒಂದೇ, ಅದೂ ಎರವಲು! ಅದನ್ನೇ ಒಬ್ಬರಾದ್ಮೇಲೆ ಒಬ್ಬರಿಗೆ ಹಾಕಿಸಿ ಬರೆದಿದಾನೆ. ಆಮೇಲೆ ಸನ್‌ಲೈಟ್ ಸೋಪಿನ ಲಿವರ್ ಸಾಹೇಬ ಚಿತ್ರಾನೇ ಕೊಂಡ, ಸೋಪು ತಗೊಂಡೋರಿಗೆ ಅದರ ಪ್ರಿಂಟ್ ಸಿಗೋ ಹಂಗೆ ಮಾಡಿದ, ವೇಲ್ಸ್‌ನ ಮನೆಮನೆ ಗೋಡೆ ಮೇಲೂ ಅದೇ ಅಜ್ಜಿ. ಶಾಲಿನ ಮಡಿಕೇಲಿ ದೆವ್ವದ ಮುಖ ಕಾಣುತ್ತೆ ಅಂತ ಜನ ಇವತ್ತಿಗೂ ಹುಡುಕ್ತಾರೆ (ನಂಗಂತೂ ಗಡ್ಡ ಕಂಡಂಗಾಯ್ತು). ಜನ ಬಿಟ್ಟ ಟೋಪಿ ಹಿಂಗೆ ಊರಿನ ಗುರುತಾಯ್ತು.

ರುಮಾಲು ಧಾರಾಳವಾಗಿ ಕೊಡಿ. ಆದ್ರೆ ಟೋಪಿ ಹಲಗೆ ಮೇಲಿಟ್ರೂ ಟೋಪೀನೇ, ರುಮಾಲು ಬಿಚ್ಚಿದ್ರೆ ಬರೀ ಉದ್ದದ ಬಟ್ಟೆ. ಅದಕ್ಕೇ ಊರಲ್ಲಿ ಸುತ್ತೋಕೆ ಬರೋ ಹಿರಿಯರನ್ನ ಕೂರಿಸಿ, ಒಂದು ತುದಿ ಎಲ್ಲಿ ಹಿಡೀತಾರೆ, ಕೊನೇ ಸೆರಗು ಎಲ್ಲಿ ಸಿಗಿಸ್ತಾರೆ ಎಲ್ಲಾ ಮೊಬೈಲಲ್ಲಿ ವಿಡಿಯೋ ಮಾಡಿ. ಯಾರದ್ದು, ಯಾವ ಹಬ್ಬಕ್ಕೆ ಸುತ್ತುತಿದ್ರು ಅಂತ ಚೀಟಿ ಬರೆದಿಡಿ. ಬಿಸಿಲು ಬೀಳೋ ಕಡೆ ಬೇಡ, ಮಡಿಕೆ ಆಗಾಗ ಬದಲಾಯಿಸ್ಬೇಕು, ಇಲ್ಲಾಂದ್ರೆ ಅಲ್ಲೇ ಹರಿಯುತ್ತೆ. ಮತ್ತೆ ಸ್ಕೂಲಿಂದ ಒಂದು ರಸೀದಿ ಬರೆಸ್ಕೊಳ್ಳಿ, ಹೆಡ್‌ಮಾಸ್ಟರ್ ಟ್ರಾನ್ಸ್‌ಫರ್ ಆದ್ಮೇಲೆ ಯಾರ್ದು ಅಂತ ಕೇಳೋರೇ ಇರಲ್ಲ.