ಎರಡೂ ಡೇಕೇರ್ ಒಂದೇ ಥರ ಕಂಡರೆ

ಆರು ವರ್ಷದ ಮಗಳಿಗೆ ಶಾಲೆ ಬಿಟ್ಟ ಮೇಲೆ ಎರಡು ಡೇಕೇರ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ವ್ಯತ್ಯಾಸ ಕಾಣದಿರುವುದಕ್ಕೆ ಕಾರಣ ಬಹುಶಃ ನೀವು ಹೋದ ಹೊತ್ತು. ಮೊದಲೇ ಹೇಳಿ ಬೆಳಿಗ್ಗೆ ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಈಗ ಹೇಳದೆ ಹೋಗಿ, ಮುಚ್ಚಲು ಒಂದು ಗಂಟೆ ಇರುವಾಗ. ಆಗ ಎಲ್ಲರಿಗೂ ಸುಸ್ತಾಗಿರುತ್ತದೆ. ಒಂದು ಮಗು ಅಳುತ್ತಿದ್ದರೆ ಆಯಾ ಹತ್ತಿರ ಬಂದು ಕೂರುತ್ತಾರಾ, ಕುರ್ಚಿಯಿಂದಲೇ ಗದರುತ್ತಾರಾ ನೋಡಿ. ಟಿವಿ ಹಾಕಿ ಸುಮ್ನೆ ಕೂರಿಸಿದ್ದಾರಾ? ತಲೆ ಎಣಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿಯಲ್ಲಿ 6ರಿಂದ 8 ವರ್ಷದ 10 ಮಕ್ಕಳಿಗೆ ಒಬ್ಬರು ಇರಬೇಕು. ಅದಕ್ಕಿಂತ ತೀರಾ ಜಾಸ್ತಿ ಮಕ್ಕಳಿದ್ದರೆ ಯೋಚಿಸಿ.

ಒಳಗೆ ಬಿಡದಿದ್ದರೆ ತಕ್ಷಣ ತಪ್ಪು ತಿಳಿಯಬೇಡಿ, ಅದು ಸುರಕ್ಷತೆಯ ನಿಯಮವೂ ಇರಬಹುದು. "ಸೇರಿಸಿದ ಮೇಲೆ ಯಾವಾಗ ಬೇಕಾದರೂ ಬರಬಹುದಾ?" ಅಂತ ಕೇಳಿ. ತಡವರಿಸಿದರೆ ಆ ಜಾಗ ಬಿಟ್ಟುಬಿಡಿ.

ಆಮೇಲೆ ಎರಡು ಪ್ರಶ್ನೆ: ನೋಡಿಕೊಳ್ಳುವವರು ಎಷ್ಟು ಕಾಲದಿಂದ ಇದ್ದಾರೆ? ಬೇರೆ ಯಾರಾದರೂ ಮಗುವನ್ನು ಕರೆದೊಯ್ಯಲು ಬಂದರೆ ಏನು ಮಾಡುತ್ತಾರೆ? ಎರಡನೆಯದಕ್ಕೆ "ನಿಮಗೆ ಫೋನ್ ಮಾಡದೆ ಕಳಿಸಲ್ಲ" ಅನ್ನುವ ಉತ್ತರ ಥಟ್ಟನೆ ಬರಬೇಕು.

ಪೂರ್ತಿ ಫೀಸ್ ಕಟ್ಟುವ ಮೊದಲು ಒಂದು ವಾರ ಕಳಿಸಿ ನೋಡಲು ಒಪ್ಪುತ್ತಾರಾ ಕೇಳಿ.