ಹಳೆಯ ಹೊತ್ತಗೆ, ಹೊಸ ಸ್ಕ್ಯಾನ್: ಹಕ್ಕು ಯಾರದು?

ಹಳೆಯ ಪುಸ್ತಕ, ಪತ್ರ, ಫೋಟೊ, ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಡುವ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ನಮ್ಮ ಸಂಘದ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ನಮ್ಮದೇ ಖರ್ಚಿನಲ್ಲಿ ಸ್ಕ್ಯಾನ್ ಮಾಡಿಸಿದ್ದೇವೆ. ಪ್ರತಿ ಪುಟಕ್ಕೂ ಸಂಘದ ವಾಟರ್‌ಮಾರ್ಕ್ ಹಾಕಿ ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’ ಎಂದು ಬರೆಯಬೇಕೆಂದು ಕೆಲವು ಸದಸ್ಯರು ಪಟ್ಟು ಹಿಡಿದಿದ್ದಾರೆ. ಸರಿಯೇ?
— ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ, ಚಾಮರಾಜಪೇಟೆ

ಸರಿಯಲ್ಲ. ದುಡ್ಡು ಖರ್ಚಾಯಿತು ಎಂಬ ಕಾರಣಕ್ಕೆ ಹಕ್ಕುಸ್ವಾಮ್ಯ ಹುಟ್ಟುವುದಿಲ್ಲ. 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಬರೀ ದುಡಿಮೆ, ಬಂಡವಾಳ ಸಾಲದು, ಒಂದಿಷ್ಟಾದರೂ ಸೃಜನಶೀಲತೆ ಇರಬೇಕು. ಆ ಅಳತೆಗೋಲಿನಲ್ಲಿ ನೋಡಿದರೆ, ಪುಟವನ್ನು ಇದ್ದದ್ದು ಇದ್ದ ಹಾಗೆ ಸ್ಕ್ಯಾನ್ ಮಾಡಿದ್ದಕ್ಕೆ ಹೊಸ ಹಕ್ಕು ಕೇಳುವುದು ಕಷ್ಟ. ವಿಗ್ರಹ, ವೀರಗಲ್ಲುಗಳ ಫೋಟೊ ಬೇರೆ ಮಾತು. ಅಲ್ಲಿ ಬೆಳಕು, ಕೋನ ಎಲ್ಲವೂ ಛಾಯಾಗ್ರಾಹಕರ ಆಯ್ಕೆ, ಹಾಗಾಗಿ ಆ ಫೋಟೊದ ಮೇಲೆ ಅವರಿಗೆ ಹಕ್ಕಿದೆ.

ನೀವು ಮೊದಲು ನೋಡಬೇಕಾದದ್ದು ಮೂಲ ಕೃತಿಯ ಅವಧಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, 2035ರ ಕೊನೆಯವರೆಗೆ ಕಾಯಬೇಕು. ಹಾಗೆಂದು ಆ ಪುಸ್ತಕ ಜೀರ್ಣವಾಗಲಿ ಎಂದು ಬಿಡಬೇಕಿಲ್ಲ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಪ್ರತಿಯನ್ನು ಸಂರಕ್ಷಣೆಗಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಹಕ್ಕುಸ್ವಾಮ್ಯ ಕಾಯಿದೆಯ 52(1)(ಎನ್) ಕಲಮು ಅವಕಾಶ ಕೊಡುತ್ತದೆ. ಮಾಡಿಟ್ಟುಕೊಳ್ಳಿ, ವೆಬ್‌ಸೈಟಿಗೆ ಹಾಕಬೇಡಿ.

ಹೆಚ್ಚಿನವರು ಎಡವುವುದು ಮುನ್ನುಡಿಯಲ್ಲಿ. ಲೇಖಕರ ಹಕ್ಕು ಮುಗಿದಿದ್ದರೂ ಅದೇ ಪುಸ್ತಕದ ಮುನ್ನುಡಿಕಾರರು, ಚಿತ್ರಕಾರರು, ಅನುವಾದಕರು ತೀರಿಕೊಂಡು 60 ವರ್ಷ ಆಗಿರಲಿಕ್ಕಿಲ್ಲ. ಮುಖಪುಟದಿಂದ ಹಿಂಬದಿಯವರೆಗೆ ಹೆಸರಿರುವ ಪ್ರತಿಯೊಬ್ಬರ ಮರಣದ ವರ್ಷವನ್ನೂ ಹುಡುಕಿ. ಒಬ್ಬರದು ಬಾಕಿಯಿದ್ದರೆ ಆ ಪುಟಗಳನ್ನು ಬಿಟ್ಟು ಉಳಿದದ್ದನ್ನು ಪ್ರಕಟಿಸಬಹುದು.

ಎಲ್ಲ ಹಕ್ಕೂ ಮುಗಿದ ಪುಸ್ತಕಕ್ಕೆ ಯಾವ ಪರವಾನಗಿಯನ್ನೂ ಹಚ್ಚಬೇಡಿ. ನಮ್ಮದಲ್ಲದ್ದಕ್ಕೆ ನಾವು ಪರವಾನಗಿ ಕೊಡುವುದು ಹೇಗೆ? ಹಕ್ಕು ಮುಗಿದಿದೆ ಎಂದು ತಿಳಿಸಲೆಂದೇ, ಮುಕ್ತ ಬಳಕೆಯ ಸಿದ್ಧ ಪರವಾನಗಿಗಳನ್ನು ರೂಪಿಸುವ ಸಂಸ್ಥೆಯಾದ ಕ್ರಿಯೇಟಿವ್ ಕಾಮನ್ಸ್‌ನವರ ‘ಪಬ್ಲಿಕ್ ಡೊಮೇನ್ ಮಾರ್ಕ್’ ಇದೆ. ಸಂಘದ ಹೆಸರು ಉಳಿಯಬೇಕೆಂಬ ಆಸೆ ನ್ಯಾಯವಾದದ್ದೇ. ಪಿಡಿಎಫ್‌ನ ಮೊದಲಿಗೆ ಒಂದು ಪುಟ ಸೇರಿಸಿ, ಮೂಲ ಪ್ರತಿ ಎಲ್ಲಿದೆ, ಸ್ಕ್ಯಾನ್ ಮಾಡಿಸಿದವರು ಯಾರು ಎಂದು ಬರೆಯಿರಿ. ಅಕ್ಷರಗಳ ಮೇಲೆ ವಾಟರ್‌ಮಾರ್ಕ್ ಬಿದ್ದರೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರಾಂಶ) ತಪ್ಪು ಓದುತ್ತದೆ, ಒತ್ತಕ್ಷರಗಳಲ್ಲಂತೂ ಹೇಳುವುದೇ ಬೇಡ.

ಎಕ್ಸೆಲ್‌ನಲ್ಲಿ ಪುಸ್ತಕಗಳ ಪಟ್ಟಿ ಮಾಡಿದ್ದೇವೆ. ಇದನ್ನೂ ಪುಕ್ಕಟೆ ಬಿಟ್ಟುಕೊಡಬೇಕೆ? ಕೊಡುವುದಾದರೆ ಹೇಗೆ?
— ಗ್ರಂಥಪಾಲಕಿ, ಜಯನಗರ

ಖಂಡಿತ ಕೊಡಿ, ಯಾವ ಷರತ್ತೂ ಇಲ್ಲದೆ. ನಮ್ಮ ದೃಷ್ಟಿಯಲ್ಲಿ ಸ್ಕ್ಯಾನ್‌ಗಿಂತ ಮೊದಲು ಮುಕ್ತವಾಗಬೇಕಾದದ್ದು ಪಟ್ಟಿಯೇ. ಪುಸ್ತಕ ಇದೆ ಎಂದು ಗೊತ್ತಾದರೆ ತಾನೇ ಯಾರಾದರೂ ಹುಡುಕಿಕೊಂಡು ಬರುವುದು!

ಹೆಸರು, ಇಸವಿ, ಪುಟಸಂಖ್ಯೆಗಳು ಬರಿಯ ಸಂಗತಿಗಳು, ಅವಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೂ ಬಳಸುವವರಿಗೆ ಅನುಮಾನ ಉಳಿಯದಂತೆ, ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಝೀರೋ ಘೋಷಣೆ ಮಾಡಿ. ‘ಹೆಸರು ಹೇಳಿ ಬಳಸಿ’ ಎನ್ನುವ ಸಿಸಿ ಬೈ ಪರವಾನಗಿ ಪಟ್ಟಿಗೆ ಒಗ್ಗುವುದಿಲ್ಲ. ಐವತ್ತು ಗ್ರಂಥಾಲಯಗಳ ಪಟ್ಟಿ ಸೇರಿಸಿ ಒಂದು ಹುಡುಕು ತಾಣ ಮಾಡುವವರು ಪ್ರತಿ ಸಾಲಿನ ಪಕ್ಕ ಐವತ್ತು ಹೆಸರು ಹೊರಬೇಕಾಗುತ್ತದೆ. ಯೂರೋಪಿನ ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಡಿಜಿಟಲ್ ತಾಣ ‘ಯೂರೋಪಿಯಾನ’ 2012ರಲ್ಲೇ ತನ್ನ ಮೆಟಾಡೇಟಾವನ್ನು (ಕೃತಿಗಳ ವಿವರಗಳನ್ನು) ಸಿಸಿ ಝೀರೋ ಮಾಡಿತು, ವಿಕಿಪೀಡಿಯದ ಸೋದರ ಮಾಹಿತಿಕೋಶ ವಿಕಿಡೇಟಾ ನಡೆಯುವುದೂ ಅದರಡಿಯಲ್ಲೇ. ಒಂದು ಎಚ್ಚರಿಕೆ: ಷರಾ ಕಾಲಮ್ಮಿನಲ್ಲಿ ಯಾರಾದರೂ ಕೃತಿಯ ಬಗ್ಗೆ ನಾಲ್ಕು ಪ್ಯಾರಾ ಸ್ವಂತ ಟಿಪ್ಪಣಿ ಬರೆದಿದ್ದರೆ ಅದು ಅವರ ಬರಹ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ಸಂಸ್ಥೆಯದು. ಸ್ವಯಂಸೇವಕರು ಬರೆದಿದ್ದರೆ ಅವರದೇ, ಅವರಿಂದ ಒಪ್ಪಿಗೆ ಪತ್ರ ಪಡೆಯಿರಿ.

ಇನ್ನು ಹಾಳೆಯ ಕೆಲಸ. ಒಂದು ಸಾಲು ಹೀಗಿರಲಿ. ಅಕ್ಸೆಶನ್ ನಂಬರ್ (ಗ್ರಂಥಾಲಯದ ದಾಖಲೆ ಸಂಖ್ಯೆ), ಕೃತಿ: ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 9, ಬೆಂಗಳೂರು ಜಿಲ್ಲೆ, ಸಂಪಾದಕ: ಬಿ. ಎಲ್. ರೈಸ್, ಜನನ: 1837, ಮರಣ: 1927, ಪ್ರಕಟಣೆ: 1905, ಕೃತಿಯ ಹಕ್ಕು: ಪಬ್ಲಿಕ್ ಡೊಮೇನ್ ಮಾರ್ಕ್, ಈ ಸಾಲಿನ ಹಕ್ಕು: ಸಿಸಿ ಝೀರೋ. ಹಕ್ಕಿಗೆ ಎರಡು ಕಾಲಮ್ ಇರುವುದನ್ನು ಗಮನಿಸಿ. ವೆಬ್‌ಸೈಟಿನ ಅಡಿಯಲ್ಲಿ ಒಂದೇ ಪರವಾನಗಿ ಹಾಕಿ ಕೈತೊಳೆದುಕೊಂಡರೆ ಅದು ಡಿ.ವಿ.ಜಿ. ಪುಸ್ತಕಕ್ಕೂ ನಿಮ್ಮ ಪಟ್ಟಿಗೂ ಒಟ್ಟಿಗೇ ಅನ್ವಯಿಸಿದಂತೆ ಕಾಣುತ್ತದೆ. ಹಕ್ಕಿನ ಕಾಲಮ್ಮಿನಲ್ಲಿ ಹೆಸರಿನ ಜೊತೆ ಆ ಪರವಾನಗಿ ಪುಟದ ಪೂರ್ತಿ ವೆಬ್ ವಿಳಾಸವೂ ಇರಲಿ, ಕಂಪ್ಯೂಟರ್ ಓದುವುದು ಅದನ್ನೇ. ಮರಣದ ವರ್ಷದ ಕಾಲಮ್ ಖಾಲಿ ಬಿಡಬೇಡಿ. ಪ್ರತಿ ಜನವರಿಯಲ್ಲಿ ಯಾವ ಪುಸ್ತಕಗಳು ಬಿಡುಗಡೆಯಾದವೆಂದು ಹೇಳುವುದು ಆ ಕಾಲಮ್ಮೇ. ಹುಡುಕಿಯೂ ತೀರ್ಮಾನವಾಗದಿದ್ದರೆ ರೈಟ್ಸ್ ಸ್ಟೇಟ್‌ಮೆಂಟ್ಸ್ ತಾಣದ 12 ಸಿದ್ಧ ಹೇಳಿಕೆಗಳಲ್ಲಿ ‘ಕಾಪಿರೈಟ್ ಅನ್‌ಡಿಟರ್ಮಿನ್ಡ್’ ಎಂಬುದನ್ನು ಹಾಕಿ.

ಹಾಳೆ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಪತ್ರಿಕೆಯ ಸಂಪುಟ-ಸಂಚಿಕೆಯನ್ನು 3-4 ಎಂದು ಹೊಡೆದರೆ ಎಕ್ಸೆಲ್ ಅದನ್ನು ಏಪ್ರಿಲ್ 3 ಮಾಡಿಬಿಡುತ್ತದೆ. ಟೈಪ್ ಮಾಡುವ ಮೊದಲೇ ಕಾಲಮ್ಮನ್ನು ‘ಟೆಕ್ಸ್ಟ್’ಗೆ ಬದಲಿಸಿ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದದ್ದು ಬೇರೆ ಕಂಪ್ಯೂಟರಿನಲ್ಲಿ ವಿಚಿತ್ರ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ. ಉಳಿಸುವಾಗ ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ.

ನಾವು ಮುಕ್ತವಾಗಿ ಕೊಟ್ಟದ್ದನ್ನು ಯಾರೋ ಮಾರಿ ದುಡ್ಡು ಮಾಡಿಕೊಂಡರೆ? ‘ವಾಣಿಜ್ಯ ಬಳಕೆ ಇಲ್ಲ’ ಎಂದು ಹಾಕಬಹುದಲ್ಲ?
— ಓದುಗರು, ವಿಜಯನಗರ

ಹಕ್ಕು ನಿಮ್ಮದೇ ಆಗಿದ್ದರೆ ಹಾಕಬಹುದು. ಆದರೆ ಆ ಷರತ್ತಿನ ಚಿತ್ರವನ್ನು ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಅದು ಸಿಗುವುದಿಲ್ಲ. ಸಾವಿರ ಪ್ರತಿ ಅಚ್ಚು ಹಾಕುವ ಸಣ್ಣ ಪ್ರಕಾಶಕರೂ ಹಿಂದೆ ಸರಿಯುತ್ತಾರೆ. ಬಳಸಿ ತಿದ್ದಿದವರು ತಮ್ಮ ತಿದ್ದುಪಡಿಯನ್ನೂ ಮುಕ್ತವಾಗಿಯೇ ಕೊಡಲಿ ಎಂಬುದು ನಿಮ್ಮ ಕಾಳಜಿಯಾದರೆ ಸಿಸಿ ಬೈ-ಎಸ್‌ಎ 4.0 ಸಾಕು.

ಅಜ್ಜನ ಪತ್ರಗಳು, ಅವರಿಗೆ ಸಾಹಿತಿಗಳು ಬರೆದ ಪತ್ರಗಳು, ಸ್ಟುಡಿಯೊ ಫೋಟೊಗಳು ಒಂದು ಟ್ರಂಕಿನಲ್ಲಿವೆ. ಎಲ್ಲರಿಗೂ ತೆರೆದಿಡುವ ಆಸೆ.
— ಓದುಗರು, ಮಲ್ಲೇಶ್ವರ

ಕಾಗದ ನಿಮ್ಮದು, ಅದರ ಮೇಲಿನ ಬರಹ ಬರೆದವರದು. ಅಜ್ಜ ಬರೆದ ಪತ್ರಗಳಿಗೆ ಅವರ ವಾರಸುದಾರರೆಲ್ಲರೂ ಸೇರಿ ಪರವಾನಗಿ ಕೊಡಬಹುದು. ಅವರಿಗೆ ಬಂದ ಪತ್ರಗಳಿಗೆ ಆಯಾ ಸಾಹಿತಿಗಳ ವಾರಸುದಾರರೇ ಒಪ್ಪಬೇಕು. ‘ತೀರಿಕೊಂಡು 60 ವರ್ಷ ಆಯಿತಲ್ಲ’ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಬದುಕಿದ್ದಾಗ ಅಚ್ಚಾಗದೆ ಉಳಿದ ಬರಹಕ್ಕೆ 24ನೇ ಕಲಮಿನ ಪ್ರಕಾರ ಮೊದಲ ಸಲ ಪ್ರಕಟವಾದ ಮರುವರ್ಷದಿಂದ 60 ವರ್ಷ. ಎಂದೂ ಪ್ರಕಟವಾಗದ ಪತ್ರದ ಗಡಿಯಾರ ಇನ್ನೂ ಶುರುವೇ ಆಗಿಲ್ಲ ಎಂದಾಯಿತು. ಪತ್ರಗಳನ್ನು ಸಾರ್ವಜನಿಕರಿಗೆ ತೆರೆದ ಗ್ರಂಥಾಲಯಕ್ಕೆ ಕೊಟ್ಟರೆ ಒಂದು ದಾರಿ ಇದೆ: ಬರೆದವರು ತೀರಿಕೊಂಡು 60 ವರ್ಷ ಕಳೆದಿದ್ದರೆ ಸಂಶೋಧನೆಗೆ, ಖಾಸಗಿ ಅಧ್ಯಯನಕ್ಕೆ ಅಥವಾ ಪ್ರಕಟಣೆಯ ಉದ್ದೇಶಕ್ಕೆ ಪ್ರತಿ ಮಾಡಿಕೊಳ್ಳಲು 52(1)(ಪಿ) ಅನುಮತಿಸುತ್ತದೆ. ಒಪ್ಪಿಗೆ ಬರುವವರೆಗೆ ‘ಯಾರಿಂದ, ಯಾರಿಗೆ, ಯಾವ ದಿನಾಂಕ, ಎಷ್ಟು ಪುಟ’ ಎಂಬ ಪಟ್ಟಿಯನ್ನಾದರೂ ಪ್ರಕಟಿಸಿ. ಬದುಕಿರುವವರ ಕಾಯಿಲೆ, ಸಾಲ, ಮನೆಜಗಳದ ಪ್ರಸ್ತಾಪ ಇರುವ ಪತ್ರಗಳನ್ನು ಹೊರಗಿಡಿ, ಕಾನೂನು ಏನೇ ಹೇಳಲಿ.

ಫೋಟೊದ ವಿಷಯ ನಿಮಗೆ ಅನುಕೂಲಕರ. ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರೇ ಮೊದಲ ಹಕ್ಕುದಾರರು. ಫೋಟೊಗಳನ್ನು 600 ಪಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಪತ್ರಗಳನ್ನು 400ರಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಎ4 ಹಾಳೆಯ 400 ಪಿಪಿಐ ಟಿಫ್ ಚಿತ್ರಕಡತ ಸುಮಾರು 46 ಎಂಬಿ ಆಗುತ್ತದೆ, ಡಿಸ್ಕಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಫೋಟೊದ ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳು ಇರುವುದುಂಟು, ಅದನ್ನೂ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಕಡತದೊಳಗೆ ತುಂಬಿದ ಮಾಹಿತಿಯೂ ಹೋಗುತ್ತದೆ.

ಜನಪದ ಗಾಯಕಿಯರ ಹಾಡು ಧ್ವನಿಮುದ್ರಿಸಿದ್ದೇವೆ. ಹಾಡು ಯಾರೂ ಬರೆದದ್ದಲ್ಲ, ಹಾಗಾದರೆ ಮುಕ್ತ ತಾನೇ?
— ಸಂಶೋಧನಾ ವಿದ್ಯಾರ್ಥಿ, ಜ್ಞಾನಭಾರತಿ

ಹಾಡು ಮುಕ್ತವಿರಬಹುದು, ಹಾಡಿಕೆ ಅಲ್ಲ. ಹಾಡಿದವರಿಗೆ 50 ವರ್ಷ ಪ್ರದರ್ಶಕರ ಹಕ್ಕಿದೆ, ಧ್ವನಿಮುದ್ರಣದ ಹಕ್ಕು ಬೇರೆಯೇ. ‘ಇಂಟರ್‌ನೆಟ್ಟಿಗೆ ಹಾಕುತ್ತೇವೆ, ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು’ ಎಂದು ಅವರ ಮಾತಿನಲ್ಲೇ ಹೇಳಿ, ಒಪ್ಪಿದ್ದನ್ನು ಅದೇ ಧ್ವನಿಮುದ್ರಣದಲ್ಲಿ ದಾಖಲಿಸಿ, ಸಹಿಯನ್ನೂ ಪಡೆಯಿರಿ. ಸಮುದಾಯದವರು ಹೊರಗಿನವರೆದುರು ಹಾಡದ ಆಚರಣೆಯ ಹಾಡುಗಳನ್ನು ಮುಕ್ತಗೊಳಿಸಬೇಡಿ.

ನಮ್ಮ ತಂದೆಯವರ ಪುಸ್ತಕಗಳನ್ನು ಮುಕ್ತಗೊಳಿಸಬೇಕು. ಪತ್ರ ಹೇಗೆ ಬರೆಯಬೇಕು? ಮುಂದೆ ವಾಪಸು ಪಡೆಯಬಹುದೇ?
— ಓದುಗರು, ರಾಜಾಜಿನಗರ

ವಾಪಸು ಪಡೆಯಲಾಗದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟರೆ ಕೊಟ್ಟಂತೆ, ಅದನ್ನು ಮನೆಯವರೆಲ್ಲ ಕೂತು ಮಾತಾಡಿ ನಿರ್ಧರಿಸಿ. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಹೀಗೆ ಬಿಡುಗಡೆ ಮಾಡಿತು, ಕನ್ನಡ ಓದುಗರಿಗೆ ಅದೊಂದು ದೊಡ್ಡ ಕೊಡುಗೆ.

ಹಳೆಯ ಪ್ರಕಾಶಕರ ಕರಾರುಪತ್ರವನ್ನು ಮೊದಲು ತೆಗೆದು ನೋಡಿ. ತಂದೆಯವರು ಹಕ್ಕನ್ನೇ ಬರೆದುಕೊಟ್ಟಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಪತ್ರದಲ್ಲಿ ‘ಎಲ್ಲ ಕೃತಿಗಳು’ ಎನ್ನದೆ ಒಂದೊಂದರ ಹೆಸರು, ಮೊದಲ ಮುದ್ರಣದ ವರ್ಷ ಬರೆಯಿರಿ. ಪರವಾನಗಿಯ ಪೂರ್ಣ ಹೆಸರು, ಆವೃತ್ತಿ 4.0 ಎಂಬುದೂ ಇರಲಿ. ‘ಜಗತ್ತಿನಾದ್ಯಂತ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ’ ಎಂಬ ಮಾತನ್ನು ಮರೆಯಬೇಡಿ. ಕಾಯಿದೆಯ 19ನೇ ಕಲಮಿನಂತೆ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಅರ್ಥೈಸಲಾಗುತ್ತದೆ. ವಿದೇಶದಲ್ಲಿರುವ ಅಣ್ಣತಮ್ಮ, ಅಕ್ಕತಂಗಿಯರ ಸಹಿಯೂ ಬೇಕು. ಮುಖಪುಟದ ಕಲಾವಿದರು ಬೇರೆಯವರಾದರೆ ಮುಖಪುಟ ಬಿಟ್ಟು ಸ್ಕ್ಯಾನ್ ಕೊಡಿ.